ಜುವೈನಾ ದಿಬ್ಬ ದಾಟಿದ್ದು

ಹೆಂಡತಿಯ ಮುಖ ತನಗೆ ಕಾಣುವುದು ನಿಂತುಹೋಗಿದೆ ಎಂಬುದನ್ನು ಮುಹನ್ನಾ ಹೆಂಡತಿಗೇ ಹೇಳಿರಲಿಲ್ಲ. ಇಬ್ರಾ ಊರಿನ ಹುಡುಗರಿಗೆ ವರ್ಷಗಟ್ಟಲೆ ಭೂಗೋಳ ಕಲಿಸಿ ನಿವೃತ್ತನಾದ ಮೇಷ್ಟ್ರು ಅವನು. ಕಣ್ಣಿನ ನಡುಭಾಗ ಸವೆದಿದೆ, ಅಂಚು ಉಳಿದುಕೊಳ್ಳುತ್ತದೆ, ನಡುವೆ ಹೋದದ್ದು ಮಾತ್ರ ತಿರುಗಿ ಬರುವುದಿಲ್ಲ ಎಂದು ಮಸ್ಕತ್ತಿನ ಡಾಕ್ಟರು ಬಿಡಿಸಿ ಹೇಳಿದ್ದರು. ಮನೆಗೆ ಬಂದು ಅವನು ಹೆಂಡತಿಗೆ ಒಪ್ಪಿಸಿದ್ದು ಇಷ್ಟೇ: "ಇನ್ಮೇಲೆ ಗಾಡಿ ಓಡಿಸ್ಬೇಡಿ ಅಂದ್ರು. ವಯಸ್ಸಾಯ್ತಲ್ಲ. ಮಿಕ್ಕಿದ್ದೆಲ್ಲ ಸರಿಯಿದೆಯಂತೆ." ಸುಳ್ಳು ಹೇಳುವುದರಲ್ಲಿ ಮೇಷ್ಟ್ರುಗಳನ್ನು ಮೀರಿಸುವವರಿಲ್ಲ. ಮಕ್ಕಳ ಸುಳ್ಳನ್ನು ಕೇಳಿ ಕೇಳಿಯೇ ಅರ್ಧ ಕಲಿತುಬಿಟ್ಟಿರುತ್ತಾರೆ.

ಅಂಚಿನಲ್ಲಿ ಕಾಣುತ್ತಿದ್ದುದರಿಂದ ಅವನ ನಾಟಕ ಹೇಗೋ ಸಾಗುತ್ತಿತ್ತು. ಬಾಗಿಲು, ಮೆಟ್ಟಿಲು, ಖರ್ಜೂರದ ತಟ್ಟೆ, ಯಾವುದಕ್ಕೂ ತಡವರಿಸುತ್ತಿರಲಿಲ್ಲ. ಎದುರಿನವರ ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಬೂದು ಮಚ್ಚೆ. ಜನ ಸಲಾಂ ಹೇಳುವವರೆಗೂ ಕಾಯುತ್ತಿದ್ದ. ದನಿಯ ಗುರುತು ಹಿಡಿದು, ಹೆಸರು ಕರೆದು ಮಾತಾಡಿಸುತ್ತಿದ್ದ.

ಇಷ್ಟೆಲ್ಲ ಮುಚ್ಚುಮರೆ ಯಾಕೆ ಎಂದರೆ, ಮರಳಿಗಾಗಿ. ಊರಿನಲ್ಲಿ ಮರಳುದಿಬ್ಬಗಳ ಮೇಲೆ ಗಾಡಿ ಓಡಿಸುವವರ ಕ್ಲಬ್ಬೊಂದಿತ್ತು. ಅದನ್ನು ಕಟ್ಟಿದವರಲ್ಲಿ ಮುಹನ್ನಾನೂ ಒಬ್ಬ. ರಜೆ ಬಂತೆಂದರೆ ಅವನು ಮನೆಯಲ್ಲಿ ಕಾಲು ನಿಲ್ಲಿಸಿದವನಲ್ಲ. ಈಗ ಅವನ ಬಿಳಿ ಲ್ಯಾಂಡ್ ಕ್ರೂಸರ್ ಮನೆಯ ಗೋಡೆಗೆ ಒರಗಿದಂತೆ ನಿಂತಿತ್ತು. ಅವನು ಟೀವಿಯ ಮುಂದೆ ಕೂತಿದ್ದ. ಟೀವಿಯಲ್ಲಿ ಯಾರಿದ್ದಾರೆ ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ. ಹೆಂಡತಿ ಜುವೈನಾಳ ಅಣ್ಣನ ಮಗ ಬದ್ರ್‌ಗೆ ಆ ಗಾಡಿಯ ಮೇಲೆ ಮೊದಲಿಂದಲೂ ಕಣ್ಣು.

"ನಿಂತಲ್ಲೇ ತುಕ್ಕು ಹಿಡಿಯೋದಕ್ಕಿಂತ ಬದ್ರ್ ತಗೊಂಡು ಹೋಗ್ಲಿ ಬಿಡಿ, ಹಿಲಾಲನ ಅಪ್ಪಾ," ಎಂದಿದ್ದಳು ಜುವೈನಾ. ಹಿಲಾಲ ಅವರ ಹಿರಿಮಗ.

"ನೀನೇ ಓಡ್ಸು."

"ನಾನಾ? ಮರಳಲ್ಲಾ?" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಪೇಟೆಯಲ್ಲಿ ಹಿಂದಕ್ಕೆ ತೆಗೆಯೋವಾಗ್ಲೇ ತರಕಾರಿಯವನು ತಳ್ಳೋಗಾಡಿ ಎತ್ಕೊಂಡು ಓಡ್ತಾನೆ!"

ಮುಹನ್ನಾ ಬಿಡಲಿಲ್ಲ. ಹೊಸಬರಿಗಾಗಿ ಕ್ಲಬ್ಬಿನವರು ಒಂದು ಸಣ್ಣ ಸವಾರಿ ಇಟ್ಟುಕೊಂಡಿದ್ದಾರೆ, ಶನಿವಾರ, ಒಂದೇ ಒಂದು ಸಲ ಬಾ, ಹಿಡಿಸದಿದ್ದರೆ ಅವತ್ತೇ ಸಂಜೆ ಬದ್ರ್ ಕೈಗೆ ಚಾವಿ ಕೊಟ್ಟುಬಿಡು ಎಂದು ದುಂಬಾಲು ಬಿದ್ದ. ಅವಳು ಒಪ್ಪಿದಳು. ಅವನ ಲೆಕ್ಕಾಚಾರ ಸರಳವಾಗಿತ್ತು. ಕಣ್ಣಿನ ವಿಷಯ ಈಗಲೇ ತಿಳಿದರೆ ಅವಳು ಹೆದರಿ ಚಾವಿಯನ್ನೇ ಮುಟ್ಟುವುದಿಲ್ಲ. ಮೊದಲು ಮರಳಿನ ರುಚಿ ಹತ್ತಲಿ, ಒಂದು ದೊಡ್ಡ ದಿಬ್ಬ ದಾಟಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು. ಅವಳು ಓಡಿಸಿದರೆ ಅವನಿಗೂ ಮರಳುಂಟು. ಇಲ್ಲವಾದರೆ ಟೀವಿ.

ಶನಿವಾರ ಬೆಳಿಗ್ಗೆ ಡಾಂಬರು ರಸ್ತೆ ಮುಗಿಯುವ ಕಡೆ ಐದಾರು ಗಾಡಿಗಳು ಸೇರಿದವು. ಎಲ್ಲದಕ್ಕೂ ಉದ್ದನೆಯ ಕಡ್ಡಿ ಕಟ್ಟಿ ತುದಿಗೆ ಕಿತ್ತಳೆ ಬಾವುಟ ಸಿಕ್ಕಿಸಿದ್ದರು. ಮುಂದಾಳು ಹಾರಿಬ್, ಮುಹನ್ನಾನ ಶಿಷ್ಯ. ಭೂಗೋಳದಲ್ಲಿ ಫೇಲಾಗಿ, ಮರಳಿನಲ್ಲಿ ಪಾಸಾದವನು.

"ಗುರುಗಳು ಪಕ್ಕದ ಸೀಟಲ್ಲಿ! ನಾನು ಕನಸಲ್ಲೂ ನೋಡಿರ್ಲಿಲ್ಲಪ್ಪ," ಎಂದು ಹಾರಿಬ್ ಅವನ ಕೈ ಹಿಡಿದು ಕುಲುಕಿದ. ಆಮೇಲೆ ಜುವೈನಾಳ ಕಡೆ ತಿರುಗಿದ. "ಚಿಕ್ಕಮ್ಮಾ, ನಿಯಮ ಗೊತ್ತಲ್ಲ? ಪಕ್ಕದಲ್ಲಿ ಕೂತವರು ಓಡಿಸೋವ್ರಿಗೆ ಬುದ್ಧಿ ಹೇಳಬಾರದು. ಒಂದು ಮಾತು ಆಡಿದ್ರೂ ಇಳಿಸ್ಬಿಡ್ತೀನಿ."

"ಯಾವ ಪುಣ್ಯಾತ್ಮ ಮಾಡಿದ್ದಪ್ಪ ಈ ನಿಯಮ? ಮೊದಲೇ ತಿಳಿದಿದ್ರೆ ಮನೆಗೂ ಹಾಕ್ಕೊಳ್ತಿದ್ದೆ."

"ಇವರೇ."

ಎಲ್ಲರೂ ನಕ್ಕರು. ನಿಜ, ಆ ನಿಯಮ ಮಾಡಿದವನು ಮುಹನ್ನಾನೇ. ಹಿಂದೊಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು ದಿಬ್ಬದ ಮೇಲೆಯೇ ಜಗಳವಾಡಿ, ಹುಡುಗಿ ಬೇರೆಯವರ ಗಾಡಿ ಹತ್ತಿ ತವರಿಗೆ ಹೋಗಿದ್ದಳು. ಅವತ್ತಿನಿಂದ ಕ್ಲಬ್ಬಿನಲ್ಲಿ ಪಕ್ಕದ ಸೀಟು ಎಂದರೆ ಬಾಯಿಗೆ ಬೀಗ.

ಮೆತ್ತನೆ ಮರಳಿನಲ್ಲಿ ಚಕ್ರ ಹೂತುಹೋಗದಿರಲು ಅದರ ಗಾಳಿ ಅರ್ಧಕ್ಕೂ ಕಡಿಮೆ ಇಳಿಸಬೇಕು. ಮುಹನ್ನಾ ಗಾಳಿ ಅಳೆಯುವ ಮೀಟರನ್ನು ಹೆಂಡತಿಯ ಕೈಗೆ ಕೊಟ್ಟ. "ನೀನೇ ಓದು. ಕಲೀಬೇಕಲ್ಲ," ಎಂದ, ದೊಡ್ಡ ಗುರುವಿನ ಗತ್ತಿನಲ್ಲಿ. ಮುಳ್ಳು ಎಲ್ಲಿದೆ ಎಂದು ಅವನಿಗೆ ಕಂಡರೆ ತಾನೇ. ಅವಳು ಪಾಪ, ಮಂಡಿಯೂರಿ ಕೂತು, ನಾಲ್ಕೂ ಚಕ್ರಕ್ಕೆ ಗಟ್ಟಿಯಾಗಿ ಓದಿ ಹೇಳಿದಳು. ಮುಹನ್ನಾನಿಗೆ ತನ್ನ ಮೇಲೇ ಅಸಹ್ಯವಾಯಿತು, ಆದರೂ ಸುಮ್ಮನಿದ್ದ.

ಸಾಲು ಹೊರಟಿತು. ಮುಂದೆ ಹಾರಿಬ್, ಅವನ ಹಿಂದೆ ಮದುವೆಯಾಗಿ ಇನ್ನೂ ತಿಂಗಳೂ ತುಂಬದ ಗಂಡಹೆಂಡಿರ ಕೆಂಪು ಜೀಪು, ಮೂರನೆಯದು ಜುವೈನಾ. ಉಳಿದವರು ಹಿಂದೆ. ಮೊದಲ ಸಣ್ಣ ಏರಿನಲ್ಲೇ ಲ್ಯಾಂಡ್ ಕ್ರೂಸರ್ ತಿಣುಕಿ, ನರಳಿ, ಹಿಂದಿನ ಚಕ್ರಗಳನ್ನು ಹೂತುಕೊಂಡು ಕೂತುಬಿಟ್ಟಿತು. ಎಲ್ಲರೂ ದಾಟಿದ ಜಾಗ ಅದು. ಮುಹನ್ನಾನಿಗೆ ಕೂತಲ್ಲೇ ಕಾರಣ ಗೊತ್ತಾಯಿತು, ಬೆಳಿಗ್ಗೆಯಿಂದಲೇ ಗಾಡಿಯ ಹಿಂಭಾಗ ನೆಲಕ್ಕೆ ಜಗ್ಗುತ್ತಿತ್ತು. ಆದರೆ ಬಾಯಿಗೆ ಬೀಗ. ಹಾರಿಬ್ ಬಂದು ಹಿಂಬಾಗಿಲು ತೆಗೆದವನು ಒಂದು ಕ್ಷಣ ಹಾಗೇ ನಿಂತ.

"ಚಿಕ್ಕಮ್ಮಾ, ಇದೇನು ಸವಾರಿಯೋ, ಮದುವೆ ದಿಬ್ಬಣವೋ?"

ಒಳಗೆ ಒಂದು ಹಂಡೆ ತುಂಬ ಗೋಧಿ ಮತ್ತು ಮಾಂಸ ಕಡೆದು ಮಾಡಿದ ಹರೀಸ್, ಎರಡು ಕಲ್ಲಂಗಡಿ, ಒಂದು ಬುಟ್ಟಿ ಖರ್ಜೂರ, ಹಲ್ವದ ಡಬ್ಬಿ, ಕಾಫಿಯ ಫ್ಲಾಸ್ಕುಗಳ ಒಂದು ಸಾಲು, ಸಾಲದ್ದಕ್ಕೆ ಸುತ್ತಿಟ್ಟ ಕಂಬಳಿ.

"ಮೊದಲನೇ ಸಲ ನಿಮ್ಮ ನಡುವೆ ಬರ್ತಿರೋಳು, ಬರಿಗೈಲಿ ಬರೋಕಾಗುತ್ತೇನೋ?" ಎಂದಳು ಜುವೈನಾ, ತಪ್ಪೇನು ಎಂದು ಅರ್ಥವಾಗದೆ.

"ಹಗುರವಾಗಿ ಬನ್ನಿ ಅಂತ ಹೇಳಿದ್ನಲ್ಲ?"

"ಹಗುರವಾಗೇ ಬಂದಿದ್ದೀನಿ. ಅನ್ನದ ಹಂಡೆ ಮನೆಯಲ್ಲೇ ಬಿಟ್ಟಿಲ್ವಾ?"

ಇಡೀ ಕ್ಲಬ್ಬಿನಲ್ಲಿ ಇದೊಂದು ತಪ್ಪನ್ನು ಮಾಡದ ಹೊಸಬರಿಲ್ಲ. ಮನೆಯ ಮರ್ಯಾದೆಯನ್ನು ಹಂಡೆಯಲ್ಲಿ ತುಂಬಿಕೊಂಡು ಬಂದು ಮರಳಿನಲ್ಲಿ ಹೂಳುತ್ತಾರೆ. ಇದಕ್ಕೆ ಔಷಧಿಯೂ ಒಂದೇ. ಅಲ್ಲೇ ಕಂಬಳಿ ಹಾಸಿದರು, ಹೊತ್ತಿಗೆ ಮುಂಚೆಯೇ ಊಟಕ್ಕೆ ಕೂತರು. ಕೆಂಪು ಜೀಪಿನ ಮದುಮಗಳು ಮೂರು ಸಲ ಹಾಕಿಸಿಕೊಂಡಳು. ಅವಳ ತಾಯಿ ಊರಲ್ಲಿಲ್ಲವಂತೆ, ಇಂಥ ಹರೀಸ್ ತಿಂದು ತುಂಬ ದಿನವಾಯಿತಂತೆ. "ನಮ್ಮನೆಗೆ ಬಾ ಮಗಳೇ, ಮಾಡೋದು ಕಲಿಸ್ತೀನಿ," ಎಂದು ಜುವೈನಾ ಅವಳ ತಲೆ ನೇವರಿಸಿದಳು. ಮುಹನ್ನಾ ಕಾಫಿ ಹೀರುತ್ತ ಕೂತಿದ್ದ. ಬೆನ್ನಿಗೆ ಹದವಾದ ಬಿಸಿಲು, ಅಂಗೈ ಕೆಳಗೆ ತಣ್ಣನೆ ಮರಳು. ಎಷ್ಟು ಕಾಲವಾಗಿತ್ತು! ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಸೋರಲು ಬಿಟ್ಟ.

ಹಂಡೆ ಖಾಲಿಯಾದ ಮೇಲೆ ಗಾಡಿ ಬೇರೆಯದೇ ಆಯಿತು, ಓಡಿಸುವವಳೂ ಬೇರೆಯವಳಾದಳು. ಮೊದಮೊದಲು ಸ್ಟೇರಿಂಗನ್ನು ಕತ್ತು ಹಿಸುಕುವವಳ ಹಾಗೆ ಹಿಡಿದಿದ್ದ ಜುವೈನಾ ಮೂರನೆಯ ದಿಬ್ಬದ ಹೊತ್ತಿಗೆ ಹಿಡಿತ ಸಡಿಲಿಸಿದಳು. ಇಳಿಜಾರಿನಲ್ಲಿ ಬ್ರೇಕು ತುಳಿಯದೆ, ಗಾಡಿಯನ್ನು ಅದರ ಪಾಡಿಗೆ ಜಾರಲು ಬಿಟ್ಟಳು. ಒಂದು ಸಲ ಗಾಡಿ ದಿಬ್ಬದ ಮಗ್ಗುಲಲ್ಲಿ ಓಲಾಡಿ ನೆಟ್ಟಗಾದಾಗ ಅವಳ ಬಾಯಿಂದ ಪುಟ್ಟ ಕೂಗೊಂದು ಹೊರಬಿತ್ತು. ಹೆದರಿಕೆಯ ಕೂಗಲ್ಲ. ಮದುವೆಯಾದ ಹೊಸತರಲ್ಲಿ ಸೂರ್ ಊರಿನ ಕಡಲಿಗೆ ಮೊದಲ ಸಲ ಕಾಲಿಟ್ಟಾಗ ಹೀಗೇ ಕೂಗಿದ್ದಳು.

"ನೋಡಿದ್ರಾ? ನೋಡಿದ್ರಾ?" ಎಂದಳು.

"ನೋಡಿದೆ," ಎಂದ ಮುಹನ್ನಾ. ಆ ಒಂದು ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಕೊನೆಯದು ದೊಡ್ಡ ದಿಬ್ಬ. ಅದರಾಚೆ ಗಟ್ಟಿ ನೆಲ, ನಂತರ ರಸ್ತೆ. ಈ ದಿಬ್ಬದ ನೆತ್ತಿ ಕತ್ತಿಯ ಅಲುಗಿನ ಹಾಗೆ, ಏರುವವರಿಗೆ ಆಚೆ ಬದಿಯಲ್ಲಿ ಏನಿದೆ ಎಂದು ಕಾಣುವುದಿಲ್ಲ. ಅದಕ್ಕೇ ಕ್ಲಬ್ಬಿನಲ್ಲೊಂದು ಪದ್ಧತಿ. ಪ್ರತಿ ಗಾಡಿಯ ಪಕ್ಕದ ಸೀಟಿನವರು ಇಳಿದು, ನೆತ್ತಿಗೆ ನಡೆದುಹೋಗಿ, ಆಚೆ ಬದಿ ಖಾಲಿಯಿದೆಯೇ ಎಂದು ನೋಡಿ, ಕೈ ಎತ್ತಬೇಕು. ಕೈ ಮೇಲೆದ್ದರೆ ಗಾಡಿ ನಿಲ್ಲದೆ ರಭಸವಾಗಿ ನುಗ್ಗಿ ಬರುತ್ತದೆ, ನೆತ್ತಿಯಲ್ಲಿ ಯಾರಿಂದಲೂ ಅದನ್ನು ತಡೆಯಲಾಗದು. ಹಾರಿಬ್ ದಾಟಿದ. ಕೆಂಪು ಜೀಪೂ ದಾಟಿತು.

"ಹೋಗಿ ಬನ್ನಿ," ಎಂದು ಜುವೈನಾ ಗಾಡಿಯಲ್ಲಿದ್ದ ಎರಡು ವಾಕಿಟಾಕಿಗಳಲ್ಲಿ ಒಂದನ್ನು ಅವನ ಕೈಗೆ ಕೊಟ್ಟಳು. ಅವಳ ದನಿಯಲ್ಲಿ ಉತ್ಸಾಹ ತುಳುಕುತ್ತಿತ್ತು. "ನೀವು ಕೈ ಎತ್ತಿದ ತಕ್ಷಣ ಬಂದ್ಬಿಡ್ತೀನಿ. ಇವತ್ತು ಇದನ್ನ ದಾಟಿಯೇ ಸೈ."

ಮುಹನ್ನಾ ಇಳಿದ. ಈ ಪದ್ಧತಿಯೊಂದು ಇದೆ ಎಂಬುದು ಅವನಿಗೆ ಮರೆತಿರಲಿಲ್ಲ. ಹೊಸಬರ ಸವಾರಿಯಲ್ಲಿ ಈ ದಿಬ್ಬಕ್ಕೆ ಬರುವುದಿಲ್ಲ ಎಂದುಕೊಂಡಿದ್ದ, ಅಷ್ಟೇ. ಗಾಳಿ ಬೀಸುವ ಬದಿಯ ಗಟ್ಟಿ ಮರಳಿನ ಮೇಲೆ ಹೆಜ್ಜೆಯಿಟ್ಟು ನೆತ್ತಿಗೆ ಬಂದು ನಿಂತ. ಕಣ್ಣಿನ ಅಂಚುಗಳಲ್ಲಿ ಆಕಾಶ, ಅಂಚುಗಳಲ್ಲಿ ಮರಳು. ನೇರ ಕೆಳಗೆ, ನೋಡಬೇಕಾದ ಜಾಗದಲ್ಲೇ, ಬೂದು ಮಚ್ಚೆ. ಕತ್ತು ಆ ಕಡೆ ಈ ಕಡೆ ತಿರುಗಿಸಿ ಅಂಚಿನಿಂದ ಕದ್ದು ನೋಡಲು ಹವಣಿಸಿದ. ಬಿಸಿಲಿನ ಝಳದಲ್ಲಿ ಎಲ್ಲವೂ ಕಲಸಿಹೋಯಿತು. ಕಿವಿಗೊಟ್ಟು ಕೇಳಿದ. ಇಂಜಿನ್ ಸದ್ದಿಲ್ಲ. ಸದ್ದಿಲ್ಲವೆಂದರೆ ಗಾಡಿಯೂ ಇಲ್ಲ. ಜೀಪು ಆಗಲೇ ಹೋಗಿದೆ. ಅಡ್ಡಿಯಿದ್ದಿದ್ದರೆ ಹಾರಿಬ್ ಹೇಳುತ್ತಿರಲಿಲ್ಲವೇ?

ಬಲಗೈ ಭುಜದವರೆಗೆ ಎದ್ದಿತು. ಕೆಳಗೆ ಜುವೈನಾ ಇಂಜಿನ್ ಮೊರೆಸುವುದು ಕೇಳಿಸಿತು. ಇನ್ನೊಂದು ಗೇಣು ಎತ್ತಿದರೆ ಮುಗಿಯಿತು. ಅವಳು ದಾಟುತ್ತಾಳೆ, ಗಾಡಿ ಮನೆಯಲ್ಲೇ ಉಳಿಯುತ್ತದೆ. ಅಂದಾಜಿನ ಮೇಲೆ ಕೈ ಎತ್ತಿದವರನ್ನು ಅವನು ಕ್ಲಬ್ಬಿನಿಂದ ಹೊರಗೆ ಹಾಕಿದ್ದುಂಟು. ಅಂಥವರು ತನ್ನಂತೆಯೇ ಯಾವುದೋ ಆಸೆಗೆ ಬಿದ್ದು ಎತ್ತಿರಬೇಕು ಎಂದು ಈಗ ಹೊಳೆಯಿತು. ಮುಹನ್ನಾ ಕೈ ಕೆಳಗಿಳಿಸಿ ವಾಕಿಟಾಕಿಯನ್ನು ಬಾಯಿಗೆ ಹಿಡಿದ.

"ಹಿಲಾಲನ ಅಮ್ಮಾ, ಗಾಡಿ ಆಫ್ ಮಾಡು."

"ಯಾಕೆ? ಏನಿದೆ ಆ ಕಡೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೇನು? ಅಲ್ಲೇ ನಿಂತಿದ್ದೀರಲ್ಲ, ನೋಡಿ ಹೇಳಿ!"

"ನೋಡ್ತಾನೇ ಇದ್ದೀನಿ. ಕಾಣ್ತಿಲ್ಲ. ನನಗೆ ಕಾಣಲ್ಲ, ಜುವೈನಾ."

ವಾಕಿಟಾಕಿಯಲ್ಲಿ ಆಡಿದ ಮಾತು ಎಲ್ಲ ಗಾಡಿಗಳಿಗೂ ಕೇಳಿಸುತ್ತದೆ. ಕೆಳಗೆ ಇಂಜಿನ್ ನಿಂತಿತು, ಬಾಗಿಲು ಬಡಿಯಿತು. ಏದುಸಿರು ಬಿಡುತ್ತ, ನಿಲುವಂಗಿಯನ್ನು ಎತ್ತಿ ಹಿಡಿದು ಜುವೈನಾ ದಿಬ್ಬ ಹತ್ತಿ ಬಂದಳು. ಅವನ ಮುಖವನ್ನೂ ನೋಡದೆ ನೇರ ಕೆಳಗೆ ನೋಡಿದಳು. ನೋಡಿದವಳು ಅವನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಕೆಂಪು ಜೀಪು," ಎಂದಳು ಪಿಸುದನಿಯಲ್ಲಿ. "ಇಲ್ಲೇ ಕೆಳಗಿದೆ, ಹೂತುಕೊಂಡು. ಹಾರಿಬ್ ದೂರದಿಂದ ಸಲಿಕೆ ಹಿಡ್ಕೊಂಡು ಬರ್ತಿದ್ದಾನೆ. ಆ ಹುಡುಗಿ ಜೀಪಿನ ಹಿಂದೆ ನೆರಳಲ್ಲಿ ಕೂತು, ಶೂ ಬಿಚ್ಚಿ ಮರಳು ಕೊಡವ್ತಿದ್ದಾಳೆ."

ಮುಹನ್ನಾ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟ.

ಜುವೈನಾ ಮೊದಲು ಕೂಗಿ ಜೀಪಿನವರನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಆ ಸಿಟ್ಟು ನಾಲಿಗೆಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಬಂದ ಮೇಲೆ ಮಾತ್ರ ತಡೆಯಿರಲಿಲ್ಲ.

"ನನ್ನ ಕೈಲಿ ಆ ಮಗೂನ ಕೊಲ್ಲಿಸ್ತಿದ್ರಿ! ಆಮೇಲೆ ನಾನು ಹೇಗೆ ಬದುಕೋದು? ಹೇಳಿ, ಎಷ್ಟು ದಿನದಿಂದ ಇದು?"

"ಮಸ್ಕತ್ತಿಗೆ ಹೋಗಿದ್ನಲ್ಲ..."

"ಮಸ್ಕತ್ತಿಂದಾನಾ! ಹಾಗಾದ್ರೆ ಹಬ್ಬದ ದಿನ ನಾನು ಹೊಸ ಬಟ್ಟೆ ಹಾಕ್ಕೊಂಡಾಗ ಚೆನ್ನಾಗಿದೆ, ಬಣ್ಣ ನಿನಗೊಪ್ಪುತ್ತೆ ಅಂದ್ರಲ್ಲ?"

"ಬಟ್ಟೆಗೆ ಹಾಕಿದ ಊದಿನ ಹೊಗೆ ವಾಸನೆ ಜೋರಾಗಿತ್ತು. ಹೊಸದೇ ಇರ್ಬೇಕು ಅಂದ್ಕೊಂಡೆ."

"ಯಾವ ಬಣ್ಣ?"

ಮುಹನ್ನಾನಿಗೆ ಬಣ್ಣ ಅಂಚಿನಲ್ಲಿ ಕಂಡಿತ್ತು, ಆದರೆ ಈಗ ಹಸಿರೋ ನೀಲಿಯೋ ಎಂದು ಹೇಳುವ ಧೈರ್ಯ ಬರಲಿಲ್ಲ. ಅವಳು ಅವನ ಎದುರಿಗೆ ಕುಕ್ಕರಿಸಿ ಕೂತಳು. ಅವಳ ಉಸಿರು ಅವನ ಕೆನ್ನೆಗೆ ತಾಕುವಷ್ಟು ಹತ್ತಿರ.

"ನನ್ನ ಮುಖ?"

"ಸುತ್ತಲಿನ ಬಟ್ಟೆ ಕಾಣುತ್ತೆ. ಕಿವಿಯೋಲೆ ಕಾಣುತ್ತೆ, ಸ್ವಲ್ಪ ಪಕ್ಕಕ್ಕೆ ನೋಡಿದ್ರೆ. ನಡುವೆ ಇಲ್ಲ."

ಅವಳು ತನ್ನ ಕಿವಿಯೋಲೆಯನ್ನು ಮುಟ್ಟಿ ನೋಡಿಕೊಂಡಳು. ಕೆಳಗೆ ಸಲಿಕೆಯ ಸದ್ದು, ಯಾರೋ ಹಗ್ಗ ಕಟ್ಟುವ ಗಲಾಟೆ.

"ಹೇಳಿದ್ರೆ ನೀನು ಗಾಡಿ ಕೊಟ್ಬಿಡ್ತಿದ್ದೆ," ಎಂದ ಮುಹನ್ನಾ. ದನಿ ಅವನಿಗೇ ಚಿಕ್ಕ ಹುಡುಗನ ದನಿಯಂತೆ ಕೇಳಿಸಿತು. "ಮರಳಿಲ್ದೇ ಇರೋಕೆ ಬರಲ್ಲ ನನಗೆ. ಮೊದಲು ನೀನು ಕಲೀಲಿ, ಆಮೇಲೆ ಹೇಳೋಣ ಅಂತಿದ್ದೆ. ತಪ್ಪಾಯ್ತು. ಕೊಟ್ಬಿಡು ಬದ್ರ್‌ಗೆ."

"ಗಾಡಿ ಹಾಳಾಗ್ಲಿ!" ಎಂದಳು ಜುವೈನಾ. "ಒಬ್ರೇ ಇಟ್ಕೊಂಡು ಕೂತಿದ್ರಲ್ಲ ಇಷ್ಟು ದಿನ. ಅದೇ ಮನೆಯಲ್ಲಿ, ನನ್ನ ಪಕ್ಕದಲ್ಲೇ ಕೂತು. ನಾನೇನು ಬೇರೆಯವಳಾ?"

ಹೆಂಡತಿಯ ಭಯಕ್ಕೆ ಅವನು ಲೆಕ್ಕ ಹಾಕಿದ್ದ, ಸಿಟ್ಟಿಗೂ ಹಾಕಿದ್ದ. ಈ ನೋವು ಅವನ ಲೆಕ್ಕದಲ್ಲೇ ಇರಲಿಲ್ಲ. ಅವನು ಕೈ ಚಾಚಿದ. ಅವಳು ತಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಜೀಪನ್ನು ಎಳೆದುಹಾಕಿ ಹಾರಿಬ್ ಮೇಲೆ ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವನಿಗೆ ಮೇಷ್ಟ್ರ ಮುಖ ನೋಡುವುದೇ ಕಷ್ಟವಾಗಿತ್ತು. "ಜೀಪು ಹೂತಿದೆ ಅಂತ ನಾನು ಮೊದಲು ಕೂಗಿ ಹೇಳಬೇಕಿತ್ತು, ಗುರುಗಳೇ. ನನ್ನದೂ ತಪ್ಪಿದೆ," ಎಂದ. ಆಮೇಲೆ ಮೆಲ್ಲಗೆ, "ಚಿಕ್ಕಮ್ಮಾ, ನಿಮ್ಮ ಗಾಡಿ ನಾನೇ ಆಚೆ ದಾಟಿಸ್ಲಾ? ನೀವಿಬ್ರೂ ನಡ್ಕೊಂಡು ಇಳೀರಿ."

ಮುಹನ್ನಾ ಕಾದ. ಅವಳು ಹೂಂ ಎನ್ನುತ್ತಾಳೆ, ಅದರಲ್ಲಿ ತಪ್ಪೂ ಇಲ್ಲ ಎಂದುಕೊಂಡ. ಜುವೈನಾ ಎದ್ದು ನಿಂತು ಬಟ್ಟೆ ಕೊಡವಿಕೊಂಡಳು.

"ನೀನು ಇಲ್ಲೇ ನಿಂತು ಕೈ ಎತ್ತು. ಕಣ್ಣಾರೆ ನೋಡಿ ಎತ್ತು." ಆಮೇಲೆ ಗಂಡನಿಗೆ, "ಏಳಿ. ಗಾಡಿ ಹತ್ತಿ."

"ನಾನ್ಯಾಕೆ? ನೀನು ಓಡಿಸೋದು..."

"ಒಬ್ಬಳೇ ದಾಟೋಕೆ ನನಗೆ ಭಯ. ಬಾಯಿಬಿಟ್ಟು ಹೇಳ್ತಿದ್ದೀನಿ, ನಿಮ್ಮ ಹಾಗೆ ಮುಚ್ಚಿಟ್ಟುಕೊಳ್ಳಲ್ಲ."

ಅವನ ಕೈ ಹಿಡಿದು ಇಳಿಸಿಕೊಂಡು ಹೋದಳು. ಸೀಟಿನ ಪಟ್ಟಿ ಬಿಗಿದಳು. ಇಂಜಿನ್ ಎದ್ದಿತು, ಎರಡನೇ ಗೇರು ಬಿತ್ತು. "ಹಾರಿಬ್ ಕೈ ಎತ್ತಿದ," ಎಂದಳು, ಗಾಡಿ ಏರತೊಡಗಿತು. ಮುಹನ್ನಾನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮರಳು ಗಾಡಿಯ ಹೊಟ್ಟೆಗೆ ಬಡಿಯುವ ಸದ್ದು, ಇಂಜಿನ್ನಿನ ದನಿ ಏರುತ್ತ ಏರುತ್ತ, ಇನ್ನೇನು ಸೋಲುತ್ತದೆ ಎನ್ನುವಾಗ ಅವಳು ಕಾಲು ಎತ್ತದೆ ಒತ್ತಿ ಹಿಡಿದಳು. ನೆತ್ತಿಯಲ್ಲಿ ಒಂದು ಗಳಿಗೆ ಚಕ್ರಗಳ ಕೆಳಗೆ ಏನೂ ಇರಲಿಲ್ಲ. ಆಮೇಲೆ ಮೂತಿ ಕೆಳಗಾಯಿತು, ಗಾಡಿ ಮೆತ್ತಗೆ, ಉದ್ದಕ್ಕೆ, ಜಾರಿತು. ಕೆಳಗಿದ್ದವರು ಹೋ ಎಂದು ಚಪ್ಪಾಳೆ ತಟ್ಟಿದರು. ಮುಹನ್ನಾ ಅಳುತ್ತಿದ್ದ. ಅದನ್ನು ಮರೆಮಾಡುವ ಪ್ರಯತ್ನವನ್ನೂ ಮಾಡಲಿಲ್ಲ.

ಗಟ್ಟಿ ನೆಲದಲ್ಲಿ ದಾಟಿ ಬಂದವರು ಚಕ್ರಗಳಿಗೆ ಗಾಳಿ ತುಂಬಿಸಿಕೊಳ್ಳುತ್ತಿದ್ದಾಗ ಜುವೈನಾಳ ಫೋನು ಬಡಿದುಕೊಂಡಿತು. ಬದ್ರ್.

"ಅತ್ತೆ, ಚಾವಿಗೆ ಸಂಜೆ ಬರ್ಲಾ?"

"ಬಾರೋ. ಹರೀಸ್ ಮುಗೀತು, ಬೇರೆ ಏನಾದ್ರೂ ಮಾಡಿರ್ತೀನಿ. ಉಂಡ್ಕೊಂಡು ಹೋಗು. ಚಾವಿ ಮಾತ್ರ ಕೊಡಲ್ಲ."

ಆ ಕಡೆ ಏನೋ ರಾಗ ಎಳೆದ ಸದ್ದು. ಅವಳು ಫೋನಿಟ್ಟಳು. ಇಬ್ಬರೂ ಗಾಡಿಯೊಳಗೆ ಕೂತು, ಹಿಂದೆ ಉಳಿದವರು ದಿಬ್ಬ ಇಳಿದು ಬರುವುದನ್ನು ಕಾಯತೊಡಗಿದರು. ದಿಬ್ಬ ಇಳಿದ ಮೇಲೆ ಅವಳು ಅವನೊಡನೆ ಮಾತಾಡಿರಲಿಲ್ಲ. ಮೌನ ತಡೆಯಲಾರದೆ ಮುಹನ್ನಾನೇ ಕೇಳಿದ.

"ಕನ್ನಡಿಯಲ್ಲಿ ಯಾರಾದ್ರೂ ಕಾಣ್ತಾರಾ?"

ಕನ್ನಡಿ ತಿರುಗಿಸುವ ಕಿರ್ ಸದ್ದಾಯಿತು.

"ಒಬ್ಬಳು ಹೆಂಗಸು ಕಾಣ್ತಾಳೆ," ಎಂದಳು ಜುವೈನಾ. "ಹುಬ್ಬಲ್ಲೆಲ್ಲ ಮರಳು. ಮೂಗು ಬಿಸಿಲಿಗೆ ಕೆಂಪಗಾಗಿದೆ. ಕಾಡಿಗೆ ಕೆನ್ನೆ ತನಕ ಇಳಿದಿದೆ."

ಮುಹನ್ನಾ ಅಲುಗಾಡದೆ ಕೂತ. "ಆಮೇಲೆ?"

"ಕಣ್ಣಿನ ಕೆಳಗೆ ಕಪ್ಪಾಗಿದೆ, ನೀವು ಕೊನೇ ಸಲ ನೋಡಿದ್ದಕ್ಕಿಂತ ಜಾಸ್ತಿ. ಹಣೆಯಲ್ಲಿ ಒಂದು ಗೆರೆ ಹೊಸದು. ಕಿವಿ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿದೆ, ಮೆಹಂದಿ ಹಚ್ಚೋದು ಬಿಟ್ಟಿದ್ದೀನಿ. ನೀವೇನೂ ಅನ್ನಲ್ವಲ್ಲ ಅಂತ ನನಗೆ ಆಶ್ಚರ್ಯವಾಗಿತ್ತು."

"ನಗ್ತಿದ್ದಾಳಾ?"

"ಇಲ್ಲ. ತುಂಬ ಸಿಟ್ಟಲ್ಲಿದ್ದಾಳೆ."

ಮುಹನ್ನಾ ಕಾದ. ಹೊರಗೆ ಯಾರದೋ ಪಂಪು ಗುಂಯ್‌ಗುಡುತ್ತಿತ್ತು. ಹಾರಿಬ್ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ಕೈ ಮೇಲೆ ಅವಳ ಕೈ ಬಂದು ಕೂತಿತು.

"ಈಗ ನಕ್ಕಳು," ಎಂದಳು ಜುವೈನಾ.